ಬೆಟ್ಟಕ್ಕೂ ಸವಕಳಿ ಇದೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಿನಕ್ಕೆ ಎಷ್ಟು ಜನ ಹೋಗಬಹುದು ಎಂಬುದಕ್ಕೆ ಒಂದು ಮಿತಿ ಇರಬೇಕು. ಆ ಮಿತಿಯನ್ನು ಎಲ್ಲರಿಗೂ ಕಾಣುವಂತೆ ಮೊದಲೇ ಹೇಳಬೇಕು. ಇದು ನನ್ನ ಅಭಿಪ್ರಾಯ. ತರಗತಿಯಲ್ಲಿ ಈ ಮಾತು ಎತ್ತಿದಾಗ ಮೂರು ಬಗೆಯ ಉತ್ತರ ಬಂತು. ‘ದೇವಸ್ಥಾನಕ್ಕೆ ಹೋಗುವವರಿಗೆ ಮಿತಿ ಹಾಕುವುದು ಸರಿಯೇ?’ ಎಂದು ಒಬ್ಬರು ಕೇಳಿದರು. ‘ಟೂರಿಸ್ಟ್‌ಗಳು ಬರದಿದ್ದರೆ ಗುಂಡ್ಲುಪೇಟೆಯಲ್ಲಿ ವ್ಯಾಪಾರ ಏನಿರುತ್ತೆ?’ ಎಂದು ಇನ್ನೊಬ್ಬರು ಕೇಳಿದರು. ‘ಮಿತಿ ಹಾಕಿದರೆ ದುಡ್ಡಿರುವವರಿಗೆ ಟಿಕೆಟ್ ಸಿಗುತ್ತೆ, ನಮಗೆ ಸಿಗಲ್ಲ’ ಎಂದು ಮತ್ತೊಬ್ಬರು ಹೇಳಿದರು. ಮೂರೂ ನ್ಯಾಯವಾದ ಮಾತುಗಳೇ. ಅವುಗಳಿಗೆ ನನಗೆ ತಿಳಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಕಡಲ ತೀರದಿಂದ ನಮ್ಮ ರಸ್ತೆಯವರೆಗೆ

‘ಅತಿ ಪ್ರವಾಸೋದ್ಯಮ’ ಎಂಬ ಮಾತನ್ನು ಈಚೆಗೆ ಪತ್ರಿಕೆಗಳಲ್ಲಿ ಹೆಚ್ಚಾಗಿ ನೋಡುತ್ತಿದ್ದೇವೆ. ಒಂದು ಊರು ತಾಳಿಕೊಳ್ಳುವುದಕ್ಕಿಂತ ಹೆಚ್ಚು ಜನ ಅಲ್ಲಿಗೆ ಬಂದು, ಊರಿನವರಿಗೂ ತೊಂದರೆಯಾಗಿ, ಬಂದವರಿಗೂ ಸಂತೋಷ ಸಿಗದಂತಾಗುವುದೇ ಅತಿ ಪ್ರವಾಸೋದ್ಯಮ. ಸ್ಪೇನ್ ದೇಶದ ಕಡಲ ತೀರದ ನಗರ ಬಾರ್ಸಿಲೋನಾದಲ್ಲಿ 2024ರ ಜುಲೈನಲ್ಲಿ ಸಾವಿರಾರು ಜನ ಬೀದಿಗಿಳಿದು ಪ್ರತಿಭಟನೆ ಮಾಡಿದರು. ಕೆಲವರು ಹೋಟೆಲ್‌ಗಳ ಹೊರಗೆ ಊಟಕ್ಕೆ ಕೂತಿದ್ದ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋಗಿ, ಊರಿನವರಿಗೆ ಬಾಡಿಗೆ ಕೈಗೆಟುಕದಂತಾಗಿದೆ ಎಂಬುದು ಅವರ ದೂರು. ಅದೇ ವರ್ಷ ಏಪ್ರಿಲ್ 25ರಿಂದ ಇಟಲಿಯ ವೆನಿಸ್ ನಗರ, ಜನ ಹೆಚ್ಚು ಸೇರುವ ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ 5 ಯೂರೊ ಪ್ರವೇಶ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿತು.

ಅದು ದೂರದ ದೇಶದ ಮಾತು ಎನ್ನಬಹುದು. ಆದರೆ ನಮ್ಮ ಊರಿನ ಮೂಲಕ ಹಾದುಹೋಗುವ ರಸ್ತೆಯ ಆ ತುದಿಯಲ್ಲೇ ಇರುವ ಊಟಿಯಲ್ಲಿ ಏನಾಯಿತು ನೋಡಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಇ–ಪಾಸ್ ಬಂತು. 2025ರ ಏಪ್ರಿಲ್ 1ರಿಂದ, ಬೇಸಿಗೆ ಸೀಸನ್‌ನಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳು ಮಾತ್ರ ಎಂಬ ಮಿತಿ ಬಂತು. ಮೈಸೂರು ಕಡೆಯಿಂದ ಊಟಿಗೆ ಹೋಗುವ ಕಾರುಗಳು ಗುಂಡ್ಲುಪೇಟೆಯ ಮೇಲೆಯೇ ಹೋಗಬೇಕು. ಹಾಗಾಗಿ ಅಲ್ಲಿನ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಜನ ಏಕೆ ಬರುತ್ತಾರೆ

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೋಗಿ ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಬೆಟ್ಟದ ದಾರಿ. ಎತ್ತರ 1,454 ಮೀಟರ್. ಮೇಲೆ ವೇಣುಗೋಪಾಲಸ್ವಾಮಿಯ ಹಳೆಯ ದೇವಸ್ಥಾನವಿದೆ, ಹೊಯ್ಸಳರ ಕಾಲದ್ದು ಎನ್ನುತ್ತಾರೆ. ಸುತ್ತ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು, ವರ್ಷದ ಹೆಚ್ಚಿನ ದಿನ ಮಂಜು. ಹೆಸರಿನಲ್ಲೇ ಹಿಮ ಇದೆ. ಬಿಸಿಲು ಜಾಸ್ತಿ, ಮಳೆ ಕಡಿಮೆ ಇರುವ ನಮ್ಮ ತಾಲ್ಲೂಕಿನಲ್ಲಿ ಇಷ್ಟು ಹತ್ತಿರದಲ್ಲಿ ಇಷ್ಟು ತಂಪಾದ ಜಾಗ ಇದೆ ಎಂದರೆ ಜನ ಬರುವುದು ಸಹಜ.

ಹಿಂದೆಯೂ ಜನ ಬರುತ್ತಿದ್ದರು. ಶ್ರಾವಣ ಶನಿವಾರಗಳಲ್ಲಿ, ಜಾತ್ರೆಯಲ್ಲಿ ಸುತ್ತಲಿನ ಹಳ್ಳಿಗಳ ಭಕ್ತರು ಬರುವುದು ಬಹಳ ಹಿಂದಿನಿಂದ ಇದೆ. ಈಗಿನ ಗದ್ದಲಕ್ಕೆ ಬೇರೆ ಕಾರಣಗಳು ಸೇರಿಕೊಂಡಿವೆ.

ಒಂದನೆಯದು ರಸ್ತೆ. ಮೈಸೂರು, ಊಟಿ, ವಯನಾಡು ಮೂರೂ ದಾರಿಗಳು ಕೂಡುವ ಜಾಗ ಗುಂಡ್ಲುಪೇಟೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ, ಬೆಂಗಳೂರಿನವರು ಬೆಳಿಗ್ಗೆ ಹೊರಟು ಬೆಟ್ಟ ನೋಡಿ ರಾತ್ರಿ ಮನೆ ಸೇರುವುದು ಸುಲಭವಾಯಿತು.

ಎರಡನೆಯದು ಮೊಬೈಲ್. ಮಂಜಿನಲ್ಲಿ ದೇವಸ್ಥಾನದ ಗೋಪುರ, ಗೋಪುರದ ಹತ್ತಿರಕ್ಕೇ ಬಂದ ಕಾಡಾನೆ, ಕೆಳಗೆ ಚೆಂಡು ಹೂವಿನ ಹೊಲ, ಸೂರ್ಯಕಾಂತಿ ಹೊಲ. ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ. ಒಂದು ರೀಲ್ಸ್ ಓಡಿದರೆ ಮುಂದಿನ ಭಾನುವಾರ ಅದೇ ಜಾಗದಲ್ಲಿ ನಿಂತು ಅದೇ ಫೋಟೊ ತೆಗೆಯಲು ಸಾಲು ನಿಲ್ಲುತ್ತಾರೆ.

ಮೂರನೆಯದನ್ನು ಹೇಳುವಾಗ ನನಗೆ ಸಂತೋಷವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣ ಬಂತು. ನಮ್ಮ ದಾದಿ ಮದುವೆ, ಮೌತು, ಆಸ್ಪತ್ರೆ ಬಿಟ್ಟು ಬೇರೆ ಕಾರಣಕ್ಕೆ ಊರು ದಾಟಿದ್ದೇ ಕಡಿಮೆ. ಆ ವರ್ಷ ಅಮ್ಮಿಯ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿ ಗುಂಬಜ್ ನೋಡಿ ಬಂದರು. ನಮ್ಮ ಮನೆಯಂತೆ ಎಷ್ಟೋ ಮನೆಗಳ ಅಮ್ಮಂದಿರು, ಅಜ್ಜಿಯರು ಮೊದಲ ಸಲ ‘ಟೂರ್’ ಎಂಬ ಪದವನ್ನು ತಮಗೂ ಬಳಸಿಕೊಂಡರು. ಆದ್ದರಿಂದ ಜನ ಹೆಚ್ಚಾದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ರಸ್ತೆ ಜಾಮ್ ಆದಾಗ, ಹೊಲ ತುಳಿದಾಗ, ನಂಬರ್ ಪ್ಲೇಟ್ ನೋಡಿ ‘ಕೇರಳದವರು’, ‘ಬೆಂಗಳೂರಿನವರು’ ಎಂದು ಬೈಯುವುದನ್ನು ಕೇಳುತ್ತೇವೆ. ನಾವು ಊಟಿಗೆ ಹೋದರೆ ಅಲ್ಲಿಯವರಿಗೆ ನಾವು ‘ಕರ್ನಾಟಕದವರು’. ಒಂದು ಊರಿನವರನ್ನೋ ಒಂದು ಭಾಷೆಯವರನ್ನೋ ದೂರಿದರೆ ಮನಸ್ಸಿಗೆ ಸಮಾಧಾನ ಆಗಬಹುದು. ಜಾಮ್ ಕಡಿಮೆಯಾಗುವುದಿಲ್ಲ.

ಲೆಕ್ಕದ ಪುಸ್ತಕದಲ್ಲಿ ಬರೆಯದ ಖರ್ಚು

ನಾವು ವಾಣಿಜ್ಯ ವಿದ್ಯಾರ್ಥಿಗಳು ಪ್ರಥಮ ಪಿಯುಸಿಯಲ್ಲೇ ಸವಕಳಿ ಎಂಬ ಪಾಠ ಓದಿದ್ದೇವೆ. ಉದಾಹರಣೆಗೆ, 20,000 ರೂಪಾಯಿಗೆ ಒಂದು ತಳ್ಳುಗಾಡಿ ಕೊಂಡೆವು, ಅದು ಹತ್ತು ವರ್ಷ ಬಾಳುತ್ತದೆ ಎಂದುಕೊಳ್ಳಿ. ಆಗ ವರ್ಷಕ್ಕೆ 2,000 ರೂಪಾಯಿಯನ್ನು ಸವಕಳಿ ಎಂದು ಖರ್ಚಿಗೆ ಬರೆಯಬೇಕು. ಆ ವರ್ಷ ಯಾರಿಗೂ ನಗದು ಕೊಟ್ಟಿರುವುದಿಲ್ಲ. ಆದರೂ ಬರೆಯಬೇಕು, ಏಕೆಂದರೆ ಗಾಡಿ ಸವೆದಿದೆ. ಬರೆಯದಿದ್ದರೆ ಲಾಭ ಜಾಸ್ತಿ ಕಾಣುತ್ತದೆ. ಹತ್ತು ವರ್ಷ ಆದ ಮೇಲೆ ಗಾಡಿ ಮುರಿದಾಗ ಹೊಸದು ಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ.

ನಮ್ಮಲ್ಲಿ ಪ್ರವಾಸೋದ್ಯಮದ ಲೆಕ್ಕ ಹೀಗೆಯೇ ನಡೆಯುತ್ತಿದೆ. ಎಷ್ಟು ಜನ ಬಂದರು, ಎಷ್ಟು ಟಿಕೆಟ್ ಹರಿದರು, ಎಷ್ಟು ರೂಮು ತುಂಬಿದವು ಎಂಬುದನ್ನು ಆದಾಯದ ಕಡೆ ಬರೆಯುತ್ತೇವೆ. ಹೋದ ವರ್ಷಕ್ಕಿಂತ ಜನ ಹೆಚ್ಚಾದರೆ ಅದನ್ನು ‘ಅಭಿವೃದ್ಧಿ’ ಎನ್ನುತ್ತೇವೆ. ಬೆಟ್ಟ ಎಷ್ಟು ಸವೆಯಿತು ಎಂಬುದನ್ನು ಖರ್ಚಿನ ಕಡೆ ಯಾರೂ ಬರೆಯುವುದಿಲ್ಲ.

ಏನೇನು ಸವೆಯುತ್ತದೆ? ಮೊದಲನೆಯದು ಕಾಡಿನ ನೆಮ್ಮದಿ. ಈ ಬೆಟ್ಟ ಇರುವುದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆನೆ, ಕಾಟಿ, ಜಿಂಕೆಗಳು ಮೇಯುವ ಹುಲ್ಲುಗಾವಲಿನ ನಡುವೆಯೇ ನಮ್ಮ ಬಸ್ಸು ಹೋಗುತ್ತದೆ. ಜನ ಹೆಚ್ಚಾದಷ್ಟೂ ಪ್ರಾಣಿಗಳಿಗೆ ಜನರ ಭಯ ಹೋಗುತ್ತದೆ, ಜನರಿಗೂ ಪ್ರಾಣಿಗಳ ಭಯ ಹೋಗುತ್ತದೆ. ಎರಡೂ ಅಪಾಯವೇ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾರಿನಿಂದ ಇಳಿದು ಕಾಡಾನೆಯ ಫೋಟೊ ತೆಗೆಯಲು ಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿದ ವಿಡಿಯೊವನ್ನು ನಾವೆಲ್ಲ ನೋಡಿದ್ದೇವೆ. ಅವರು ಬದುಕಿದ್ದೇ ಹೆಚ್ಚು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು.

ಎರಡನೆಯದು ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಾಗ ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳೂ ಕಪ್ಪಾಗಿದ್ದವು. ಆ ಬೆಂಕಿಯನ್ನು ಪ್ರವಾಸಿಗರು ಹಚ್ಚಿದರು ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಆ ಒಣಹುಲ್ಲು ಹೊತ್ತಿಕೊಳ್ಳಲು ಎಷ್ಟು ಕಡಿಮೆ ಸಾಕು ಎಂಬುದನ್ನು ಆ ವರ್ಷ ನಾವು ಕಣ್ಣಾರೆ ಕಂಡೆವು. ಅಂಥ ಜಾಗಕ್ಕೆ ಸಾವಿರ ಜನ ಬಂದರೆ ಅದರಲ್ಲಿ ಒಬ್ಬರು ಅಜಾಗರೂಕರಾದರೂ ಸಾಕು.

ಮೂರನೆಯದು ನೀರು. ಗುಂಡ್ಲು ಹೊಳೆಯಲ್ಲಿ ನೀರು ಹರಿಯುವುದನ್ನು ನಮ್ಮ ವಯಸ್ಸಿನವರು ಹೆಚ್ಚು ನೋಡಿಲ್ಲ. ಕುಡಿಯುವ ನೀರು ಕಬಿನಿಯಿಂದ ಬರಬೇಕು. ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ತಂಗುವವರಿಗೂ ನೀರು ಇದೇ ನೆಲದಿಂದ ಬರಬೇಕು. 2012ರಲ್ಲಿ ಬಂಡೀಪುರದ ಸುತ್ತಲಿನ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ವಲಯ ಎಂದು ಘೋಷಿಸಿದ್ದಕ್ಕೆ ಇಂಥ ಕಾರಣಗಳೇ ಇವೆ. ಕಾಡಂಚಿನ ಭೂಮಿಯ ಬೆಲೆ ಏರಿದರೆ ಮಾರಿದವರಿಗೆ ಒಂದು ಸಲ ಹಣ ಸಿಗುತ್ತದೆ. ಆಮೇಲೆ ಅದೇ ಜಾಗದಲ್ಲಿ ಅವರ ಮಕ್ಕಳು ರೂಮು ಗುಡಿಸುವ ಕೆಲಸಕ್ಕೆ ಹೋಗುತ್ತಾರೆ.

ನಾಲ್ಕನೆಯದು ತಪ್ಪಲಿನ ರೈತರ ನಿದ್ದೆ. ಆನೆ, ಹಂದಿ ಬರುತ್ತವೆಂದು ರಾತ್ರಿ ಹೊಲ ಕಾಯುವವರು ಅವರು. ಭಾನುವಾರ ಬಂದವರು ಸಂಜೆ ಹೋಗಿಬಿಡುತ್ತಾರೆ. ಸೋಮವಾರವೂ ಕಾಡಿನ ಜೊತೆ ಬದುಕುವವರು ಗೋಪಾಲಪುರ, ಹಂಗಳದಂಥ ಊರಿನವರು. ಬೆಟ್ಟದ ಆದಾಯದಲ್ಲಿ ಪಾಲು ಕೊಡುವಾಗ ಇವರ ಹೆಸರು ಮೊದಲು ಬರಬೇಕು.

ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ. ಲಾಭ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ. ನಮ್ಮ ತಾಲ್ಲೂಕಿನಲ್ಲಿ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಹೂವಿನ ಹೊಲದ ರೈತರು ಎಂದು ನನಗೆ ಅನಿಸುತ್ತದೆ. ಮಳೆಗಾಲದಲ್ಲಿ ಚೆಂಡು ಹೂ, ಸೂರ್ಯಕಾಂತಿ ಅರಳಿದಾಗ ಕಾರು ನಿಲ್ಲಿಸಿ ಹೊಲಕ್ಕೆ ನುಗ್ಗಿ ಫೋಟೊ ತೆಗೆಯುವವರಿಂದ ಗಿಡ ಮುರಿಯುತ್ತಿತ್ತು. ಕೆಲವು ರೈತರು ಹಗ್ಗ ಕಟ್ಟಿ, ಬೋರ್ಡ್ ಹಾಕಿ, ತಲೆಗೆ ಇಷ್ಟು ಎಂದು ಹಣ ತೆಗೆದುಕೊಳ್ಳಲು ಶುರು ಮಾಡಿದರು. ‘ಹೂ ನೋಡುವುದಕ್ಕೂ ದುಡ್ಡಾ?’ ಎಂದು ಗೇಲಿ ಮಾಡಿದವರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಗೊಬ್ಬರ ಅವರದು, ಬೀಜ ಅವರದು, ಮುರಿದ ಗಿಡದ ನಷ್ಟವೂ ಅವರದು. ಆ ನಷ್ಟಕ್ಕೆ ಬೆಲೆ ಕಟ್ಟಿ, ಯಾವ ಕಡೆಯಿಂದ ಒಳಗೆ ಬರಬೇಕು ಎಂದು ದಾರಿಯನ್ನೂ ತೋರಿಸಿದರು. ಹೊಲಕ್ಕೆ ಒಬ್ಬ ಮಾಲೀಕ ಇದ್ದಾನೆ, ಹಗ್ಗ ಕಟ್ಟಿದ. ಬೆಟ್ಟಕ್ಕೆ ಹಗ್ಗ ಕಟ್ಟುವವರು ಯಾರು?

ಬಸ್ಸು ಕಲಿಸಿದ ಪಾಠ

ಅರ್ಧ ಹಗ್ಗ ಆಗಲೇ ಕಟ್ಟಿ ಆಗಿದೆ. ಹಿಂದೆ ಕಾರು, ಬೈಕು ನೇರವಾಗಿ ಬೆಟ್ಟದ ತುದಿಯವರೆಗೆ ಹೋಗುತ್ತಿದ್ದವು. ಈಗ ಖಾಸಗಿ ವಾಹನಗಳನ್ನು ತಪ್ಪಲಿನಲ್ಲೇ ನಿಲ್ಲಿಸಬೇಕು. ಅಲ್ಲಿಂದ ಸರ್ಕಾರಿ ಬಸ್ಸಿನಲ್ಲಿ ಹೋಗಿ ಬರಬೇಕು. ರಾತ್ರಿ ಮೇಲೆ ಉಳಿಯುವಂತಿಲ್ಲ. ಈ ನಿಯಮದಿಂದ ಭಕ್ತರಿಗೆ ದರ್ಶನ ತಪ್ಪಲಿಲ್ಲ, ಬೆಟ್ಟದ ದಾರಿಯಲ್ಲಿ ಕಾರುಗಳ ಸಾಲು ಮಾತ್ರ ತಪ್ಪಿತು. ಮಿತಿ ಹಾಕಿದರೆ ಜನ ಒಪ್ಪುತ್ತಾರೆಯೇ ಎಂಬ ಅನುಮಾನಕ್ಕೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ.

ರಾತ್ರಿ ಸಂಚಾರದ ವಿಷಯದಲ್ಲೂ ಹೀಗೇ ಆಯಿತು. 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದಾಗ ವಿರೋಧ ಇತ್ತು. ಪ್ರಕರಣ ಕೋರ್ಟಿಗೆ ಹೋಯಿತು. ನಿಷೇಧ ತೆಗೆಯಬೇಕು ಎಂಬ ಬೇಡಿಕೆ ಆಗಾಗ ಕೇಳಿಬರುತ್ತಲೇ ಇದೆ. ಆದರೂ ಲಾರಿ, ಬಸ್ಸು, ತರಕಾರಿ ವ್ಯಾಪಾರ ಎಲ್ಲವೂ ಆ ಸಮಯಕ್ಕೆ ಹೊಂದಿಕೊಂಡು ನಡೆಯುತ್ತಿವೆ.

ಆದರೆ ಬಸ್ಸಿನ ವ್ಯವಸ್ಥೆ ಅರ್ಧ ಉತ್ತರ ಮಾತ್ರ. ಎಷ್ಟು ಕಾರು ಮೇಲೆ ಹೋಗಬೇಕು ಎಂಬುದಕ್ಕೆ ಅದು ‘ಒಂದೂ ಬೇಡ’ ಎಂದು ಹೇಳಿತು. ಎಷ್ಟು ಜನ ಬರಬೇಕು ಎಂಬುದನ್ನು ಹೇಳಲಿಲ್ಲ. ಹಾಗಾಗಿ ಮೇಲೆ ಇದ್ದ ಗದ್ದಲ ಕೆಳಗೆ ಬಂದು ಕೂತಿತು. ಸಾಲು ರಜೆ ಬಂದರೆ, ಹೊಸ ವರ್ಷದ ದಿನ, ಶ್ರಾವಣ ಶನಿವಾರ, ತಪ್ಪಲಿನಲ್ಲಿ ಬಸ್ಸಿಗಾಗಿ ಉದ್ದ ಸಾಲು. ಮಕ್ಕಳನ್ನು ಎತ್ತಿಕೊಂಡು ಬಿಸಿಲಲ್ಲಿ ನಿಲ್ಲುವವರು, ಕೋಲೂರಿಕೊಂಡು ಬಂದ ಹಿರಿಯರು, ಎಲ್ಲರೂ ಅಲ್ಲಿದ್ದಾರೆ. ಮೇಲೆ ಹೋದ ಮೇಲೂ ವಾಪಸ್ ಬಸ್ಸಿಗೆ ಮತ್ತೆ ಸಾಲು. ನಾವು ಓದಿದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಇಲ್ಲಿಗೂ ಸ್ವಲ್ಪ ಹೊಂದುತ್ತದೆ. ನೂರು ಜನ ಇರುವಾಗ ಬೆಟ್ಟ ಕೊಡುವ ಸಂತೋಷವನ್ನು ಅದೇ ಬೆಟ್ಟ ಐದು ಸಾವಿರ ಜನಕ್ಕೆ ಕೊಡಲಾರದು.

ಇಲ್ಲಿ ಇನ್ನೊಂದು ಅಪಾಯವೂ ಇದೆ. ನಾವೇ ಯೋಚಿಸಿ ಮಿತಿ ಹಾಕಿಕೊಳ್ಳದಿದ್ದರೆ ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲೇ ಮುಚ್ಚಬೇಕಾಗಬಹುದು. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಯಿಂದ ಜನ ಸತ್ತ ಮೇಲೆ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿಯನ್ನೇ ನಿಲ್ಲಿಸಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಸಫಾರಿ ನಂಬಿಕೊಂಡಿದ್ದ ಚಾಲಕರು, ಅಂಗಡಿಯವರು, ಹೋಟೆಲ್ ಕೆಲಸದವರು ಒಂದೇ ದಿನದಲ್ಲಿ ಆದಾಯ ಇಲ್ಲದೆ ಕೂತರು. ಮೊದಲೇ ಲೆಕ್ಕ ಹಾಕಿದ ಮಿತಿ ಇದ್ದರೆ ಸಂಪಾದನೆ ಸ್ವಲ್ಪ ಕಡಿಮೆಯಾಗಬಹುದು, ಆದರೆ ನಾಳೆಯೂ ಬರುತ್ತದೆ ಎಂಬ ಭರವಸೆ ಇರುತ್ತದೆ.

ಮೂರು ಪ್ರಶ್ನೆಗಳಿಗೆ ಉತ್ತರ

ಮೊದಲ ಪ್ರಶ್ನೆ: ದೇವಸ್ಥಾನಕ್ಕೆ ಹೋಗುವವರಿಗೆ ಮಿತಿ ಹಾಕಬಹುದೇ? ನಾನು ಆ ದೇವಸ್ಥಾನದ ಭಕ್ತರ ಸಮುದಾಯದವನಲ್ಲ, ಅಲ್ಲಿನ ಪೂಜೆಯ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ಬೆಟ್ಟ ನಮ್ಮ ತಾಲ್ಲೂಕಿನದು, ಅದರ ಮಂಜು ನಮಗೂ ಸೇರಿದ್ದು. ನನ್ನ ಧರ್ಮದ ಒಂದು ಉದಾಹರಣೆಯನ್ನೇ ಕೊಡುತ್ತೇನೆ. ಹಜ್ ಯಾತ್ರೆ ಶಕ್ತಿ ಇರುವ ಪ್ರತಿ ಮುಸ್ಲಿಮನಿಗೂ ಜೀವನದಲ್ಲಿ ಒಮ್ಮೆ ಕಡ್ಡಾಯ. ಅಂಥ ಯಾತ್ರೆಗೇ 1980ರ ದಶಕದಿಂದ ದೇಶವಾರು ಕೋಟಾ ಇದೆ. ಸಾವಿರ ಮುಸ್ಲಿಮರಿಗೆ ಒಬ್ಬರು ಎಂಬ ಲೆಕ್ಕ. 2025ರಲ್ಲಿ ಭಾರತದ ಕೋಟಾ 1,75,025. ಅರ್ಜಿ ಹೆಚ್ಚು ಬಂದರೆ ಖುರ್ರಾ ಎತ್ತುತ್ತಾರೆ. ಹೆಸರು ಬರದವರು ಮುಂದಿನ ವರ್ಷಕ್ಕೆ ಕಾಯುತ್ತಾರೆ. ನಮ್ಮ ಮೊಹಲ್ಲಾದಲ್ಲೇ ಹಾಗೆ ಕಾದವರಿದ್ದಾರೆ. ಕಾದದ್ದರಿಂದ ಅವರ ಭಕ್ತಿ ಕಡಿಮೆಯಾಗಲಿಲ್ಲ. ಮಿತಿ ಇಲ್ಲದಿದ್ದರೆ ಅಲ್ಲಿ ಕಾಲ್ತುಳಿತದಲ್ಲಿ ಜೀವ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಶಬರಿಮಲೆಯಲ್ಲೂ ಈಗ ಮೊದಲೇ ಆನ್‌ಲೈನ್‌ನಲ್ಲಿ ಸರದಿ ಕಾಯ್ದಿರಿಸುವ ವ್ಯವಸ್ಥೆ ಇದೆ. ಹಾಗಿರುವಾಗ ನಮ್ಮ ಬೆಟ್ಟದಲ್ಲಿ ಸರದಿ ಗೊತ್ತುಮಾಡಿದರೆ ಅದು ಭಕ್ತರಿಗೆ ಮಾಡುವ ಅವಮಾನ ಆಗುವುದಿಲ್ಲ. ಅದರಲ್ಲೂ ಪೂಜೆಗೆ ಬರುವವರಿಗೆ, ಹರಕೆ ಹೊತ್ತವರಿಗೆ, ಜಾತ್ರೆಯ ದಿನಗಳಿಗೆ ಮೊದಲ ಸ್ಥಾನ ಕೊಟ್ಟು, ಉಳಿದ ಸೀಟುಗಳನ್ನು ನೋಡಲು ಬರುವವರಿಗೆ ಬಿಡಬಹುದು. ಈಗಿನ ನೂಕುನುಗ್ಗಲಿನಲ್ಲಿ ಹಿಂದೆ ಬೀಳುವವರು ವಯಸ್ಸಾದ ಭಕ್ತರೇ.

ಎರಡನೆಯ ಪ್ರಶ್ನೆ: ವ್ಯಾಪಾರ ಏನಾಗುತ್ತದೆ? ಇದು ನಮ್ಮ ಮನೆಯ ಪ್ರಶ್ನೆ. ನಮ್ಮ ಅಬ್ಬಾ ಊಟಿ ರಸ್ತೆಯಲ್ಲಿ ತಳ್ಳುಗಾಡಿಯಲ್ಲಿ ಎಳನೀರು, ಹೆಚ್ಚಿದ ಹಣ್ಣು ಮಾರುತ್ತಾರೆ. ನನ್ನ ಕಾಲೇಜಿನ ಫೀಸು, ತಂಗಿಯ ಸ್ಕೂಲ್ ಯೂನಿಫಾರ್ಮ್ ಎಲ್ಲ ಪ್ರವಾಸಿಗರ ದುಡ್ಡಿನಿಂದಲೇ ಬಂದಿದ್ದು. ಆದ್ದರಿಂದ ಮಿತಿ ಬೇಕು ಎಂದು ಬರೆಯುವಾಗ ನಾನು ಬೇರೆಯವರ ಹೊಟ್ಟೆಯ ಮೇಲೆ ಉಪದೇಶ ಮಾಡುತ್ತಿಲ್ಲ.

ಇದನ್ನು ಬರೆಯುವ ಮೊದಲು ಅಬ್ಬಾರನ್ನೇ ಕೇಳಿದೆ. ಅವರು ಹೇಳಿದ್ದು: ‘ಗಾಡಿ ರುಕೇ ತೋ ಧಂದಾ, ಗಾಡಿ ಫಸೇ ತೋ ಕಾಯ್ಕಾ ಧಂದಾ?’ ಕಾರು ನಿಂತರೆ ವ್ಯಾಪಾರ, ಕಾರು ಸಿಕ್ಕಿಹಾಕಿಕೊಂಡರೆ ಎಂಥ ವ್ಯಾಪಾರ ಎಂದು. ಜಾಮ್ ಆದ ದಿನ ಸಾವಿರ ಕಾರು ಕಣ್ಣ ಮುಂದೆ ಇರುತ್ತವೆ, ಆದರೆ ಯಾರೂ ಇಳಿಯುವುದಿಲ್ಲ. ಇಳಿದರೆ ಸಾಲು ತಪ್ಪುತ್ತದೆ, ತಡವಾಗಿದೆ, ಇನ್ನು ಬೆಟ್ಟಕ್ಕೆ ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಆತಂಕ. ಸಾಲು ರಜೆ ಎಂದು ಅಬ್ಬಾ ಹೆಚ್ಚು ಹಣ್ಣು ತಂದಿರುತ್ತಾರೆ, ಹೆಚ್ಚಿದ ಹಣ್ಣು ಸಂಜೆಗೆ ಉಳಿದರೆ ಬಿಸಾಡಬೇಕು. ಅದೇ ಮಂಗಳವಾರ, ಬುಧವಾರ ರಸ್ತೆ ಖಾಲಿ, ಗಿರಾಕಿಯೂ ಇಲ್ಲ. ಭಾನುವಾರ ಬರುವವರಲ್ಲಿ ಒಂದಷ್ಟು ಜನ ವಾರದ ಬೇರೆ ದಿನಗಳಿಗೆ ಹಂಚಿಹೋದರೆ, ಸಾಲಿನಲ್ಲಿ ಮೂರು ಗಂಟೆ ಕಳೆಯುವ ಬದಲು ಅದೇ ಸಮಯದಲ್ಲಿ ಗುಂಡ್ಲುಪೇಟೆಯಲ್ಲಿ ಊಟ ಮಾಡಿ, ತೆರಕಣಾಂಬಿ ಮಾರ್ಕೆಟ್‌ನಿಂದ ಬಂದ ತರಕಾರಿ ಕೊಂಡರೆ ಸಣ್ಣ ವ್ಯಾಪಾರಿಗಳಿಗೆ ಲಾಭವೇ. ಗದ್ದಲದಿಂದ ಹೆಚ್ಚು ಗಳಿಸುವವರು ಬೇರೆ, ಗದ್ದಲದಲ್ಲಿ ನಿಂತು ದುಡಿಯುವವರು ಬೇರೆ.

ಮೂರನೆಯ ಪ್ರಶ್ನೆ: ಬಡವರಿಗೆ ಟಿಕೆಟ್ ಸಿಗದಂತಾಗುತ್ತದೆಯೇ? ಈ ಭಯ ಸರಿಯಾದದ್ದು. ಮಿತಿ ಹಾಕಲು ಎರಡು ದಾರಿಗಳಿವೆ. ಬೆಲೆ ಏರಿಸಿ ಜನರನ್ನು ಕಡಿಮೆ ಮಾಡುವುದು ಒಂದು. ಬೆಲೆಯನ್ನು ಹಾಗೇ ಇಟ್ಟು ಸರದಿ ಕೊಡುವುದು ಇನ್ನೊಂದು. ನಾನು ಎರಡನೆಯದರ ಪರ. ಬೆಲೆ ಏರಿಸಿದರೆ ದುಡ್ಡಿದ್ದವರಿಗೆ ಖಾಲಿ ಬೆಟ್ಟ ಸಿಗುತ್ತದೆ, ಶಕ್ತಿ ಬಸ್ಸಿನಲ್ಲಿ ಬಂದ ಅಜ್ಜಿ ತಪ್ಪಲಿನಲ್ಲೇ ಉಳಿಯುತ್ತಾರೆ. ಮೊಬೈಲ್‌ನಲ್ಲಿ ಮಾತ್ರ ಬುಕಿಂಗ್ ಇಟ್ಟರೂ ಅದೇ ಆಗುತ್ತದೆ. ಅರ್ಧ ಸೀಟುಗಳನ್ನು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ, ತಪ್ಪಲಿನಲ್ಲಿ ಕೌಂಟರ್ ಮೂಲಕ ಕೊಡಬೇಕು. ತಾಲ್ಲೂಕಿನವರಿಗೆ ಒಂದು ಪಾಲು ಮೀಸಲು ಇರಬೇಕು.

ಏನು ಮಾಡಬಹುದು

ಲೆಕ್ಕ ಕಷ್ಟದ್ದೇನಲ್ಲ. ಬೆಟ್ಟಕ್ಕೆ ಹೋಗುವ ದಾರಿ ಒಂದೇ, ವಾಹನ ಒಂದೇ ಬಗೆಯದು. ಉದಾಹರಣೆಗೆ 10 ಬಸ್ಸು, ಒಂದೊಂದರಲ್ಲಿ 50 ಸೀಟು, ದಿನಕ್ಕೆ 6 ಟ್ರಿಪ್ ಎಂದು ಇಟ್ಟುಕೊಂಡರೆ 3,000 ಜನ. ಸರಿಯಾದ ಸಂಖ್ಯೆ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಅರಣ್ಯ ಇಲಾಖೆ, ದೇವಸ್ಥಾನದ ಆಡಳಿತ, ಸಾರಿಗೆಯವರು, ತಪ್ಪಲಿನ ಗ್ರಾಮ ಪಂಚಾಯಿತಿಗಳು ಒಟ್ಟಿಗೆ ಕೂತು ತೀರ್ಮಾನಿಸಬೇಕು. ಬೇಸಿಗೆಯಲ್ಲಿ ಬೆಂಕಿಯ ಭಯ ಇರುವ ತಿಂಗಳುಗಳಲ್ಲಿ ಸಂಖ್ಯೆ ಕಡಿಮೆ ಇರಬೇಕು. ತೀರ್ಮಾನವಾದ ಸಂಖ್ಯೆಯನ್ನು ಹಂಗಳದ ತಿರುವಿನಲ್ಲೇ ಬೋರ್ಡಿನಲ್ಲಿ ಬರೆಯಬೇಕು. ‘ಇಂದಿನ ಸೀಟು ಮುಗಿದಿದೆ’ ಎಂದು ಅಲ್ಲೇ ಗೊತ್ತಾದರೆ ತಪ್ಪಲಿನವರೆಗೆ ಹೋಗಿ ನಿರಾಶರಾಗುವುದು ತಪ್ಪುತ್ತದೆ.

ಟಿಕೆಟ್ ಮತ್ತು ಪಾರ್ಕಿಂಗ್ ಹಣದಲ್ಲಿ ಒಂದು ಭಾಗವನ್ನು ಸವಕಳಿ ನಿಧಿ ಎಂದು ಬೇರೆ ಇಡಬೇಕು. ಆ ನಿಧಿಯಿಂದ ಕಸ ತೆಗೆಸುವುದು, ಶೌಚಾಲಯ, ಕುಡಿಯುವ ನೀರು, ಬೆಂಕಿ ಕಾಯುವ ಸ್ಥಳೀಯ ಯುವಕರ ಕೂಲಿ ಇವಕ್ಕೆ ಖರ್ಚು ಮಾಡಬೇಕು. ಖರ್ಚಿನ ಪಟ್ಟಿಯನ್ನು ಪಂಚಾಯಿತಿ ಗೋಡೆಯ ಮೇಲೆ ಹಾಕಬೇಕು. ಊರಿನವರೇ ಸೇರಿ ನಿಯಮ ಮಾಡಿಕೊಂಡರೆ ಸಾಮಾನ್ಯ ಆಸ್ತಿಯನ್ನು ಹಾಳಾಗದಂತೆ ಉಳಿಸಿಕೊಳ್ಳಬಹುದು ಎಂದು ತೋರಿಸಿಕೊಟ್ಟವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ನೀರಾವರಿ ಕಾಲುವೆ, ಗೋಮಾಳ, ಮೀನುಗಾರಿಕೆ ನಡೆಸುವ ಹಳ್ಳಿಗಳನ್ನೇ ನೋಡಿ ಅವರು ಈ ಮಾತು ಹೇಳಿದರು.

ದೊಡ್ಡವರಿಗೆ ವಿನಾಯಿತಿ ಕೊಟ್ಟರೆ ಯಾವ ನಿಯಮವೂ ನಿಲ್ಲುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಈ ಬೆಟ್ಟದಲ್ಲಿ ಒಂದು ಮಲಯಾಳಂ ಸಿನಿಮಾದ ಚಿತ್ರೀಕರಣಕ್ಕೆ ಅನುಮತಿ ಸಿಕ್ಕಿದ್ದನ್ನು ಪರಿಸರಪ್ರಿಯರು ವಿರೋಧಿಸಿದರು. ಸಾಮಾನ್ಯ ಜನ ಕಾರು ಕೆಳಗೆ ಬಿಟ್ಟು ಬಸ್ಸು ಹತ್ತುವ ಜಾಗದಲ್ಲಿ ಚಿತ್ರತಂಡಕ್ಕೆ ಬೇರೆ ನಿಯಮ ಏಕೆ ಎಂದು ಜನ ಕೇಳಿದ್ದರಲ್ಲಿ ತಪ್ಪೇನಿದೆ?

ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಕಾಲೇಜಿನ ಪ್ರವಾಸವನ್ನು ರಜೆಯ ದಿನ ಇಡದೆ ವಾರದ ನಡುವೆ ಇಡಬಹುದು. ಕಾಡಿನ ರಸ್ತೆಯಲ್ಲಿ ಬಸ್ಸು ನಿಲ್ಲಿಸದಿರುವುದು, ಕೋತಿ, ಜಿಂಕೆಗೆ ತಿಂಡಿ ಎಸೆಯದಿರುವುದು, ಆನೆ ಕಂಡರೆ ಕಿಟಕಿ ಮುಚ್ಚಿ ಸುಮ್ಮನಿರುವುದು ಇವಕ್ಕೆ ಯಾರ ಆದೇಶವೂ ಬೇಕಿಲ್ಲ. ಮನೆಯಲ್ಲಿ ನಮ್ಮ ಹಿರಿಯರು ಬೇರೆಯವರ ವಸ್ತುವನ್ನು ಇಟ್ಟುಕೊಂಡರೆ ಅದು ಅಮಾನತ್, ಕೊಟ್ಟಾಗ ಇದ್ದ ಹಾಗೇ ತಿರುಗಿ ಕೊಡಬೇಕು ಎನ್ನುತ್ತಾರೆ. ಬೆಟ್ಟ ನಮಗಿಂತ ಮುಂದೆ ಬರುವವರ ಅಮಾನತ್.

ಕೊನೆಗೆ ವಾಣಿಜ್ಯ ವಿಭಾಗದ ಗೆಳೆಯರಿಗೂ ಉಪನ್ಯಾಸಕರಿಗೂ ಒಂದು ಮನವಿ. ಬೆಟ್ಟಕ್ಕೆ ಒಂದು ಭಾನುವಾರ ಎಷ್ಟು ವಾಹನ ಹೋಗುತ್ತವೆ, ಒಂದು ಬುಧವಾರ ಎಷ್ಟು ಹೋಗುತ್ತವೆ, ಒಬ್ಬರು ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಗುಂಡ್ಲುಪೇಟೆಯ ಅಂಗಡಿಗಳಲ್ಲಿ ಎಷ್ಟು ಖರ್ಚು ಮಾಡುತ್ತಾರೆ ಎಂಬುದನ್ನು ನಾವೇ ಎಣಿಸಬಹುದು. ಹಂಗಳದ ತಿರುವಿನಲ್ಲಿ ಇಬ್ಬಿಬ್ಬರಂತೆ ಪಾಳಿ ಹಾಕಿಕೊಂಡು, ಒಂದು ತಿಂಗಳ ನಾಲ್ಕು ಭಾನುವಾರ, ನಾಲ್ಕು ಬುಧವಾರ ಎಣಿಸಿದರೆ ಸಾಕು. ಅದು ನಮ್ಮ ಪ್ರಾಜೆಕ್ಟೂ ಆಗುತ್ತದೆ, ತಾಲ್ಲೂಕು ಕಚೇರಿಗೆ ಕೊಡಲು ಒಂದು ಪತ್ರವೂ ಆಗುತ್ತದೆ. ಪ್ರಾಂಶುಪಾಲರು ಅನುಮತಿ ಕೊಟ್ಟರೆ ಮೊದಲ ಭಾನುವಾರದ ಬೆಳಗಿನ ಪಾಳಿಗೆ ನನ್ನ ಹೆಸರು ಬರೆದುಕೊಳ್ಳಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ